ಶನಿವಾರದ ಮಾಂಸದ ಚಕ್ರ

ಜೂಜಿನ ಪರವಾನಗಿ ಕೊಡುವ ರಾಜಧಾನಿಯ ಕಚೇರಿಯಿಂದ ಬಂದ ಸುತ್ತೋಲೆಯನ್ನು ಐಲಾ ರಾಂಟಾಲಾ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ಸಲ ಓದಿದಳು. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹುಡುಕಿ ಹಾಕಿಕೊಂಡು, ಮೂರನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ಸರ್ಕಾರದ ಕಾಗದದಲ್ಲಿ ಕೊಡುವ ಮಾತು ಮೊದಲ ಪುಟದಲ್ಲಿರುತ್ತದೆ, ಕಿತ್ತುಕೊಳ್ಳುವ ಮಾತು ಕೊನೆಯ ಪುಟದಲ್ಲಿರುತ್ತದೆ. ಇದನ್ನು ಅವಳಿಗೆ ಇಪ್ಪತ್ತೆರಡು ವರ್ಷದ ಕೆಲಸ ಕಲಿಸಿತ್ತು.

ಮಾರ್ಚ್ ಹದಿನೇಳರಂದು ಸೋಂಕಿನ ಭಯಕ್ಕೆ ರಾಜ್ಯದ ಬಾರುಗಳೆಲ್ಲ ಬಾಗಿಲು ಹಾಕಿದ್ದವು. ಬಾರಿನೊಳಗೆ ನಡೆಯುತ್ತಿದ್ದ ಧರ್ಮಾರ್ಥದ ಆಟಗಳೂ ಅವುಗಳ ಜೊತೆಗೇ ನಿಂತಿದ್ದವು. ಈಗ ಏಪ್ರಿಲ್ ಮೂರನೆಯ ವಾರ. ತುರ್ತುಸ್ಥಿತಿ ಮುಗಿಯುವ ತನಕ ನಿಯಮಗಳನ್ನು ಸಡಿಲಿಸಿದ್ದೇವೆ ಎಂದು ಸುತ್ತೋಲೆ ಹೇಳುತ್ತಿತ್ತು. ಆಟವನ್ನು ಬಯಲಿನಲ್ಲಿ ನಡೆಸಬಹುದು, ಗೆದ್ದವರು ಚಕ್ರದ ಮುಂದೆಯೇ ನಿಂತಿರಬೇಕೆಂದಿಲ್ಲ, ಚೀಟಿಯನ್ನು ಫೋನಿನಲ್ಲೂ ಮಾರಬಹುದು. ಕೊನೆಯ ಪುಟದಲ್ಲಿ ಎರಡು ಷರತ್ತು. ಒಂದು ಸಂಘಕ್ಕೆ ಒಂದೇ ಯೋಜನೆ. ಆ ಯೋಜನೆಗೆ ಪರವಾನಗಿ ಪಡೆದ ಮೇಲ್ವಿಚಾರಕರ ಸಹಿ ಬೇಕು.

ಗಣಿಯ ಊರಾದ ಹಾರ್ಲೋ ಲೇಕಿನ ಮಾಜಿ ಸೈನಿಕರ ಕ್ಲಬ್ಬಿಗೆ ಆ ಮೇಲ್ವಿಚಾರಕಿ ಐಲಾಳೇ. ಲಾಭವನ್ನೆಲ್ಲ ಊರಿನ ಒಳಿತಿಗೆ ಕೊಡುವ ಸಂಘಗಳು ಮಾತ್ರ ಅಲ್ಲಿ ಜೂಜು ಆಡಿಸಬಹುದು. ಆಡಿಸುವುದಕ್ಕೆ ಪರೀಕ್ಷೆ ಪಾಸಾಗಿ, ಪೊಲೀಸರಿಗೆ ಬೆರಳಚ್ಚು ಕೊಟ್ಟ ಒಬ್ಬ ವ್ಯಕ್ತಿ ಬೇಕು. ಆ ಪರೀಕ್ಷೆಯಲ್ಲಿ ಕ್ಲಬ್ಬಿನ ಇಬ್ಬರು ಗಂಡಸರು ಎರಡೆರಡು ಸಲ ಫೇಲಾದ ಮೇಲೆ, ಅಲ್ಲಿಯವರೆಗೆ ಶುಕ್ರವಾರದ ಮೀನೂಟಕ್ಕೆ ಆಲೂಗೆಡ್ಡೆ ಕರಿಯುತ್ತಿದ್ದ ಐಲಾಳನ್ನು ಯಾರೋ ನೆನಪಿಸಿಕೊಂಡಿದ್ದರು. ಅವಳು ನೂರಕ್ಕೆ ತೊಂಬತ್ತೇಳು ತೆಗೆದಳು. ಆ ಸಂಖ್ಯೆಯನ್ನು ಕ್ಲಬ್ಬಿನಲ್ಲಿ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಕ್ಲಬ್ಬಿನ ಬಾರಿನ ಮೂಲೆಯಲ್ಲಿ ಮಾಂಸದ ಚಕ್ರ ತಿರುಗುತ್ತಿತ್ತು. ಅಂಕಿ ಬರೆದ ಮೂವತ್ತು ಪುಟ್ಟ ಹಲಗೆಗಳು, ಒಂದಕ್ಕೆ ಒಂದು ಡಾಲರ್. ಚಕ್ರ ನಿಂತ ಅಂಕಿ ಯಾರ ಕೈಯಲ್ಲಿದೆಯೋ ಅವರಿಗೆ ಒಂದು ತಟ್ಟೆ ಮಾಂಸ. ಹಂದಿಯ ಪಕ್ಕೆಯ ತುಂಡಾದ ಚಾಪು, ಉಪ್ಪು ಹಾಕಿದ ತೆಳು ಪದರದ ಬೇಕನ್, ಸುರುಳಿ ಸಾಸೇಜು, ಈಸ್ಟರ್ ಹಬ್ಬದ ಹೊತ್ತಿಗೆ ಹಂದಿಯ ಇಡೀ ತೊಡೆಯ ಹ್ಯಾಮು. ಉಳಿದ ದುಡ್ಡು ಅಗ್ನಿಶಾಮಕ ದಳಕ್ಕೆ, ಐಸ್ ಹಾಕಿ ಆಡುವ ಅಂಕಣಕ್ಕೆ, ಶಾಲೆಗೆ. ಕಾಗದದ ಮೇಲೆ ಇದ್ದದ್ದು ಇಷ್ಟು. ಕಾಗದದಲ್ಲಿಲ್ಲದ ಇನ್ನೊಂದನ್ನು ಐಲಾ ಮೇಜಿನ ಹಿಂದೆ ನಿಂತು ನೋಡಿದ್ದಳು. ಆ ಗಣಿ ಸೀಮೆಯಲ್ಲಿ ಯಾರೂ ದಾನ ತೆಗೆದುಕೊಳ್ಳುವುದಿಲ್ಲ. ಆದರೆ ಯಾರು ಬೇಕಾದರೂ ಗೆಲ್ಲಬಹುದು. ಗಣಿ ನಿಂತ ವರ್ಷಗಳಲ್ಲಿ, ಮನೆಯಲ್ಲಿ ಜಿಂಕೆ ಮಾಂಸ ತುಂಬಿಟ್ಟುಕೊಂಡವರು ಗೆದ್ದರೆ "ನನ್ನ ಫ್ರೀಜರಲ್ಲಿ ಜಾಗ ಇಲ್ಲ, ಇನ್ನೊಂದ್ಸಲ ತಿರುಗ್ಸು" ಎಂದು ಗೊಣಗಿ ಬಿಯರಿಗೆ ಮರಳುತ್ತಿದ್ದರು. ಚಕ್ರ ಮತ್ತೆ ತಿರುಗುತ್ತಿತ್ತು. ಹಾಗೆ ತಿರುಗಿ ತಿರುಗಿ ಮಾಂಸ ಬೇಕಾದವರ ಮನೆ ಸೇರುತ್ತಿತ್ತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸುತ್ತೋಲೆ ಓದುವಾಗ ಐಲಾಳ ಮನಸ್ಸಿನಲ್ಲಿ ಇದ್ದವಳು ಹಿಂದಿನ ಬೀದಿಯ ಕಾರ್ಲಾ ಪ್ರೆಬಿಚ್.

ಕಾರ್ಲಾ ಹಗಲು ಕೂದಲು ಕತ್ತರಿಸುತ್ತಿದ್ದಳು, ಸಂಜೆ ಕ್ಲಬ್ಬಿನ ಬಾರಿನಲ್ಲಿ ಬಡಿಸುತ್ತಿದ್ದಳು. ಎರಡೂ ಒಂದೇ ವಾರ ಮುಚ್ಚಿದವು. ಇಬ್ಬರು ಹೆಣ್ಣುಮಕ್ಕಳು. ಅವರ ಅಪ್ಪ ಡಕೋಟಾದ ಎಣ್ಣೆ ಬಾವಿಯ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ನಿರುದ್ಯೋಗದ ಅರ್ಜಿ ಎಲ್ಲೋ ಸಿಕ್ಕಿಬಿದ್ದಿತ್ತು. ಲುಥೆರನ್ ಚರ್ಚಿನ ನೆಲಮಾಳಿಗೆಯಿಂದ ಮಂಗಳವಾರ ಆಹಾರದ ಪೆಟ್ಟಿಗೆ ಹಂಚುತ್ತಿದ್ದರು. ಕಾರುಗಳು ಸಾಲಾಗಿ ಬಂದರೆ ಹಿಂಬಾಗಿಲು ತೆಗೆದು ಪೆಟ್ಟಿಗೆ ಇಟ್ಟು ಕಳಿಸುವುದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಐಲಾಳೂ ಅಲ್ಲಿ ನಿಲ್ಲುತ್ತಿದ್ದಳು. ಒಂದು ಮಂಗಳವಾರ ಕಾರ್ಲಾಳ ಹಸಿರು ವ್ಯಾನು ಸಾಲಿಗೆ ಸೇರಿತು. ಅವಳಿಗಿಂತ ಮುಂದೆ ಮೂರು ಕಾರು ಉಳಿದಿದ್ದಾಗ ವ್ಯಾನು ಸಾಲು ಬಿಟ್ಟು ಹೊರಳಿಕೊಂಡು ಹೊರಟುಹೋಯಿತು. ಪೆಟ್ಟಿಗೆ ಹಿಡಿದು ನಿಂತಿದ್ದ ತನ್ನನ್ನು ಅವಳು ಗುರುತು ಹಿಡಿದಳೆಂದು ಐಲಾಳಿಗೆ ಆಗಲೇ ತಿಳಿಯಿತು.

ಮಾರನೆಯ ದಿನ ಐಲಾ ಒಂದು ತಪ್ಪು ಮಾಡಿದಳು. ಮಾಂಸ, ಆಲೂಗೆಡ್ಡೆ ಹಾಕಿ ಬೇಯಿಸಿದ ಒಂದು ದೊಡ್ಡ ಪಾತ್ರೆಯನ್ನು ಕಾರ್ಲಾಳ ಬಾಗಿಲಲ್ಲಿಟ್ಟು, ಬೆಲ್ಲು ಒತ್ತಿ ಬಂದಳು. ಸಂಜೆಯೊಳಗೆ ಪಾತ್ರೆ ಅವಳ ಜಗುಲಿಗೆ ಬಂದಿತ್ತು. ತೊಳೆದು, ಒರೆಸಿ, ಒಳಗೆ ಒಂದು ಡಜನ್ ಮೊಟ್ಟೆ. ಆ ಮೊಟ್ಟೆ ಇದ್ದಿದ್ದರೆ ಆ ಮನೆಯಲ್ಲಿ ಮೂರು ಬೆಳಗಿನ ತಿಂಡಿ ಆಗುತ್ತಿತ್ತು. ತಾನು ಕೊಡಲು ಹೋಗಿ ಕಿತ್ತುಕೊಂಡು ಬಂದೆನೆಂದು ಐಲಾಳಿಗೆ ನಾಚಿಕೆಯಾಯಿತು. ಆ ಮೊಟ್ಟೆಗಳನ್ನು ಒಡೆಯಲು ಒಂದು ವಾರ ಮನಸ್ಸು ಬರಲಿಲ್ಲ.

ಹಾಗಾಗಿ ಸುತ್ತೋಲೆ ಬಂದ ದಿನವೇ ಅವಳು ಯೋಜನೆ ಬರೆದಳು. ಕ್ಲಬ್ಬಿನ ಹಿಂದಿನ ಕಾರು ನಿಲ್ಲಿಸುವ ಬಯಲಲ್ಲಿ, ಶನಿವಾರ ನಾಲ್ಕಕ್ಕೆ, ಚಕ್ರ ಒಂದು ಟ್ರೈಲರಿನ ಮೇಲೆ. ಜನ ಕಾರಿನಿಂದ ಇಳಿಯುವಂತಿಲ್ಲ, ಗೆದ್ದವರೊಬ್ಬರನ್ನು ಬಿಟ್ಟು. ಅಳಿಸಿ ಬರೆದು ನಾಲ್ಕು ಪುಟವಾಯಿತು.

ಆಡಳಿತ ಮಂಡಳಿ ಬಡ್ ಜುಪಾನನ ಗ್ಯಾರೇಜಿನಲ್ಲಿ ಸೇರಿತು. ಐವರು ಗಂಡಸರು ಮಡಚುವ ಕುರ್ಚಿಗಳನ್ನು ಆರಾರು ಅಡಿ ದೂರ ಹಾಕಿಕೊಂಡು, ಕೈಗೊಂದು ಬಿಯರ್ ಡಬ್ಬಿ ಹಿಡಿದು ಕುಳಿತಿದ್ದರು. ಬಡ್ ಅಧ್ಯಕ್ಷ. ಐಲಾಳ ಗಂಡ ಆರ್ನಿ ಕಾರ್ಯದರ್ಶಿ. ಐಲಾ ಮಂಡಳಿಯ ಸದಸ್ಯೆಯಲ್ಲ, ವರದಿ ಒಪ್ಪಿಸುವವಳು ಮಾತ್ರ. ಅವಳಿಗೆ ಕುರ್ಚಿ ಹಾಕಿರಲಿಲ್ಲ. ಬಾಗಿಲ ಬಳಿ ಹಿಮ ತಳ್ಳುವ ಯಂತ್ರಕ್ಕೆ ಒರಗಿ ನಿಂತು ತನ್ನ ನಾಲ್ಕು ಪುಟವನ್ನು ಓದಿದಳು.

ಬಡ್ ಸಮಾಧಾನವಾಗಿ ಕೇಳಿದ. ಆಮೇಲೆ ತನ್ನ ಯೋಜನೆ ಹೇಳಿದ. ಚೀಟಿ ಎತ್ತಿ ಗೆದ್ದವರಿಗೆ ಹದಿನೆಂಟು ಅಡಿಯ ದೋಣಿ, ಮೋಟಾರು ಸಮೇತ. ಅವನ ಭಾವಮೈದುನನ ಅಂಗಡಿಯಿಂದ ಅರ್ಧ ಬೆಲೆಗೆ ಬರುತ್ತದೆ. ಚೀಟಿ ನೂರು ಡಾಲರು, ಫೋನಿನಲ್ಲೇ ಮಾರಾಟ. ಕೆರೆ ದಂಡೆಯಲ್ಲಿ ಬೇಸಿಗೆ ಮನೆ ಕಟ್ಟಿಕೊಂಡಿರುವ ನಗರದವರು ಮನೆಯಲ್ಲಿ ಕೂತು ಬೇಸತ್ತಿದ್ದಾರೆ, ಮುಗಿಬಿದ್ದು ಕೊಳ್ಳುತ್ತಾರೆ. ಹಾಕಿ ಅಂಕಣದ ನೀರನ್ನು ಮಂಜುಗಟ್ಟಿಸುವ ಯಂತ್ರಕ್ಕೆ ಮೂವತ್ತೊಂದು ವರ್ಷವಾಗಿದೆ, ಈ ಸಲ ಹೊಸದು ಹಾಕಿಸಿಬಿಡಬಹುದು.

"ಬೇಜಾರ್ ಮಾಡ್ಕೋಬೇಡ ಐಲಾ. ಹಂದಿ ಚಾಪು ತಿರುಗ್ಸಿ ವಾರಕ್ಕೆಷ್ಟು ಬರತ್ತೆ? ಸರ್ಕಾರ ಒಂದೇ ಒಂದು ಅವಕಾಶ ಕೊಟ್ಟಿದೆ. ಅದನ್ನ ಸಾಸೇಜಿಗೆ ಹಾಕೋದಾ?"

"ಮಂಜು ಬೇಕಾಗಿರೋದು ನವೆಂಬರಿಗೆ, ಬಡ್. ಊಟ ಇವತ್ತು ಬೇಕು."

"ಊಟಕ್ಕೆ ಚರ್ಚಿದೆಯಲ್ಲ. ಮಂಗಳವಾರ ನೀನೇ ನಿಂತು ಹಂಚ್ತೀಯ."

"ಅಲ್ಲಿಗೆ ಬರದೇ ಇರೋರು ಇದಾರೆ."

"ಯಾರು?" ಎಂದು ಬಡ್ ಕೇಳಿದ. ಅವನು ಹಂಗಿಸಲಿಲ್ಲ, ನಿಜವಾಗಿಯೇ ಕೇಳಿದ. "ಯಾರು ಅಂತ ಹೇಳು. ನಾವೇ ಹೋಗಿ ಮುಟ್ಟಿಸಿ ಬರ್ತೀವಿ."

ಹೆಸರು ಹೇಳಿದರೆ ಆರ್ನಿಯನ್ನು ಬಿಟ್ಟು ಉಳಿದ ನಾಲ್ವರೂ ಅದನ್ನು ಮನೆಗೆ ಒಯ್ಯುತ್ತಾರೆ, ಸಂಜೆಯೊಳಗೆ ನಾಲ್ಕು ಅಡುಗೆಮನೆಗಳಲ್ಲಿ ಕಾರ್ಲಾಳ ಹೆಸರು ಕುದಿಯುತ್ತದೆ. ಹೇಳದಿದ್ದರೆ ತನ್ನ ಮಾತಿಗೆ ಸಾಕ್ಷಿಯಿಲ್ಲ. ಅವಳು ಆರ್ನಿಯ ಮುಖ ನೋಡಿದಳು. ಮಂಗಳವಾರದ ವ್ಯಾನಿನ ಸಂಗತಿಯನ್ನೂ ಮೊಟ್ಟೆಯ ಸಂಗತಿಯನ್ನೂ ಅವಳು ಹೇಳಿಕೊಂಡಿದ್ದು ಅವನೊಬ್ಬನಿಗೆ. ಹೆಸರಿಲ್ಲದೆಯೇ 'ಐಲಾ ಹೇಳೋದು ನಿಜ, ನನಗೂ ಗೊತ್ತು' ಎಂದು ಅವನು ಒಂದು ಮಾತು ಆಡಬಹುದಿತ್ತು. ಆರ್ನಿ ತನ್ನ ಬೂಟಿನ ತುದಿಯಲ್ಲಿ ಅಂಟಿದ್ದ ಕೆಸರನ್ನು ಇನ್ನೊಂದು ಬೂಟಿನಿಂದ ಕೆರೆಯುತ್ತ ಕೂತಿದ್ದ.

"ನೋಡೋಣ, ಯೋಚ್ನೆ ಮಾಡಿ ಹೇಳ್ತೀವಿ" ಎಂದ ಬಡ್. ನಾಲ್ಕು ಪುಟವನ್ನು ಮಡಚಿ ಮೀನಿನ ಗಾಳದ ಪೆಟ್ಟಿಗೆಯ ಮೇಲಿಟ್ಟ.

ಒಂಬತ್ತು ದಿನ ಯಾರೂ ಏನೂ ಹೇಳಲಿಲ್ಲ. ಹತ್ತನೆಯ ದಿನ, ಬುಧವಾರ ಬೆಳಿಗ್ಗೆ, ಐಲಾಳ ಕಂಪ್ಯೂಟರಿಗೆ ರಾಜಧಾನಿಯಿಂದ ಪತ್ರ ಬಂತು. ನಿಮ್ಮ ದೋಣಿ ಚೀಟಿಯ ಯೋಜನೆಗೆ ಒಪ್ಪಿಗೆ ಸಿಕ್ಕಿದೆ, ಅಭಿನಂದನೆಗಳು. ಶುಕ್ರವಾರದಿಂದ ಮಾರಾಟ ಆರಂಭಿಸಬಹುದು. ಮೊದಲ ಚೀಟಿ ಮಾರಿದ ಮೇಲೆ ಯೋಜನೆಯನ್ನು ಬದಲಿಸಲಾಗದು. ಪತ್ರದ ಜೊತೆ ಅರ್ಜಿಯ ಪ್ರತಿ ಇತ್ತು. ಅರ್ಜಿಯ ಕೆಳಗೆ ಅವಳ ಸಹಿ ಇತ್ತು.

ತಾನು ಹಾಕದ ತನ್ನ ಸಹಿಯನ್ನು ಐಲಾ ಎಷ್ಟೋ ಹೊತ್ತು ನೋಡಿದಳು. ಮೊದಲನೆಯ ಇಂಗ್ಲಿಷ್ ಅಕ್ಷರ 'A'ಯ ಎರಡು ಕಾಲು ಗುಡಾರದ ಹಾಗೆ ಅಗಲವಾಗಿದ್ದವು. ಅವಳು ಹಾಗೆ ಬರೆಯುವುದಿಲ್ಲ. ಹಾಗೆ ಬರೆಯುವವನು ಆರ್ನಿ.

ಹಾರ್ಲೋ ಲೇಕಿನಲ್ಲಿ ಇದೇನೂ ಹೊಸದಲ್ಲ. ಗಂಡಸರು ಗಣಿಯ ಪಾಳಿಯಲ್ಲಿದ್ದಾಗ ಅವರ ಚೆಕ್ಕಿನ ಹಿಂದೆ ಹೆಂಡತಿಯರೇ ಗಂಡನ ಸಹಿ ಹಾಕಿ ಬ್ಯಾಂಕಿಗೆ ಕಟ್ಟುತ್ತಿದ್ದರು. ಮೀನು ಹಿಡಿಯುವ ಪರವಾನಗಿ ಕೌಂಟರಿನಲ್ಲಿ ಗಂಡಂದಿರು ಹೆಂಡತಿಯ ಸಹಿ ಹಾಕುತ್ತಿದ್ದರು. ಕೌಂಟರಿನವರು ಮುಖ ಎತ್ತಿಯೂ ನೋಡುತ್ತಿರಲಿಲ್ಲ. ಮಕ್ಕಳ ಶಾಲೆಯ ಚೀಟಿ, ತೆರಿಗೆಯ ಕಾಗದ, ಮನೆ ಸಾಲದ ನವೀಕರಣ, ಎಲ್ಲದರ ಮೇಲೂ ಆರ್ನಿ ಅವಳ ಹೆಸರನ್ನು ಗುಡಾರದ ಅಕ್ಷರದಲ್ಲಿ ಬರೆದಿದ್ದ. ಟ್ರಕ್ಕಿನ ವಿಮೆಗೆ ಅವಳೂ ಅವನ ಸಹಿ ಹಾಕಿದ್ದಳು. ಹಾಗಿದ್ದರೆ ಈಗ ಮೈ ಯಾಕೆ ಇಷ್ಟು ಉರಿಯುತ್ತಿದೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಕೂಡಲೇ ಬಂತು. ಟ್ರಕ್ಕಿಗೆ ಅವಳು ಸಹಿ ಹಾಕಿದಾಗ ಅವನು ಬೇಡವೆಂದಿರಲಿಲ್ಲ, ಅವನಿಗೆ ಪುರುಸೊತ್ತಿರಲಿಲ್ಲ ಅಷ್ಟೆ. ಇಲ್ಲಿ ಅವಳು ಹಿಮದ ಯಂತ್ರಕ್ಕೆ ಒರಗಿ ನಿಂತು, ಐವರ ಮುಂದೆ, ಗಟ್ಟಿಯಾಗಿ ಬೇಡ ಎಂದಿದ್ದಳು.

ಆರ್ನಿ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಮಸೆಯುತ್ತಿದ್ದ. ಅವಳು ಅರ್ಜಿಯ ಪ್ರತಿಯನ್ನು ಅವನ ಮುಂದೆ ಹಿಡಿದಳು. ಅವನು ಅಡಗಿಸಲಿಲ್ಲ. ಅಡಗಿಸುವಂಥದ್ದು ಏನಿದೆ ಎಂಬಂತೆ ಕೈ ಒರೆಸಿಕೊಂಡ.

"ಬಡ್ ತಂದ. ನೀನು ಚರ್ಚಲ್ಲಿದ್ದೆ. ಅವತ್ತೇ ಕಳಿಸ್ಬೇಕಿತ್ತು, ಹಾಕ್ದೆ."

"ನಾನು ಬೇಡ ಅಂದಿದ್ದೆ ಆರ್ನಿ."

"ನೀನು ಇನ್ನೊಂದು ಬೇಕು ಅಂದೆ. ಬೇಡ ಅಂತ ಎಲ್ಲಂದೆ? ಮಂಡಳಿ ತೀರ್ಮಾನ ಮಾಡ್ತು. ತೀರ್ಮಾನ ಆದ್ಮೇಲೆ ಹೇಗೂ ನೀನು ಹಾಕ್ತಿದ್ದೆ."

"ಹಾಕ್ತಿದ್ದೆ ಅಂತ ಯಾರು ಹೇಳಿದ್ರು ನಿನಗೆ?"

ಅವನು ನಿಜಕ್ಕೂ ಆಶ್ಚರ್ಯಪಟ್ಟ. ಆ ಆಶ್ಚರ್ಯವೇ ಅವಳಿಗೆ ಸಹಿಗಿಂತ ಹೆಚ್ಚು ಚುಚ್ಚಿತು.

"ಮೂವತ್ನಾಕು ವರ್ಷದಿಂದ ಹಾಕ್ತಾ ಇದೀನಿ. ಒಂದ್ಸಲನಾದ್ರೂ ಬೇಡ ಅಂದಿದೀಯಾ?"

"ಒಂದ್ಸಲನಾದ್ರೂ ಕೇಳಿದೀಯಾ?"

ಆರ್ನಿ ಬ್ಲೇಡು ಕೆಳಗಿಟ್ಟ. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹೀಗಾಡುತ್ತೀ, ಶುಕ್ರವಾರ ಮಾರಾಟ ಶುರುವಾಗುತ್ತದೆ, ಈಗ ಗದ್ದಲ ಎಬ್ಬಿಸಿದರೆ ಕ್ಲಬ್ಬಿನ ಪರವಾನಗಿಗೇ ಕುತ್ತು ಬರುತ್ತದೆ ಎಂದೆಲ್ಲ ಹೇಳಿದ. ಆಮೇಲೆ ದನಿ ತಗ್ಗಿಸಿ, ಕಾರ್ಲಾಳಿಗೆ ನಾವೇ ಒಂದು ಹ್ಯಾಮು ಕೊಂಡುಕೊಟ್ಟರಾಯಿತಲ್ಲ ಎಂದ. ಅವನು ಕೆಟ್ಟವನಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಟ್ಟವನಾಗಿದ್ದರೆ ಕೋಪ ಮಾಡಿಕೊಳ್ಳುವುದು ಸುಲಭವಿತ್ತು. ಮೊಟ್ಟೆಯ ಕಥೆಯನ್ನು ಅಷ್ಟು ವಿವರವಾಗಿ ಕೇಳಿದ ಮೇಲೂ ಹ್ಯಾಮು ಕೊಂಡುಕೊಡೋಣ ಎನ್ನುವವನನ್ನು ಅಲ್ಲೇ ಬಿಟ್ಟು ಅವಳು ಒಳಗೆ ಬಂದಳು.

ಆ ಮಧ್ಯಾಹ್ನ ಅವಳು ಕೆರೆಯ ಕಡೆ ನಡೆದಳು. ದಂಡೆಯ ಹತ್ತಿರ ಮಂಜು ಬಿಟ್ಟು ಕಪ್ಪು ನೀರು ಕಾಣುತ್ತಿತ್ತು, ನಡುವೆ ಇನ್ನೂ ಬೂದು ಬಣ್ಣದ ಮಂಜಿನ ಹಾಳೆಯಿತ್ತು. ನಡೆಯುತ್ತ ನಡೆಯುತ್ತ ಕೋಪ ಇಳಿಯುತ್ತದೆಂದು ಅಂದುಕೊಂಡಿದ್ದಳು. ಅದು ಏರಿತು. ಮಂಡಳಿಯ ಮೇಲೆ, ಬಡ್‌ನ ಸಮಾಧಾನದ ದನಿಯ ಮೇಲೆ, ಆರ್ನಿಯ ಬೂಟಿನ ಮೇಲೆ, ಕಡೆಗೆ ತನ್ನ ಮೇಲೆ. ಮನೆ ಸಾಲಕ್ಕೆ ಅವನು ಸಹಿ ಹಾಕಿದಾಗ ತಾನು ನಕ್ಕಿದ್ದು ನೆನಪಾಯಿತು. 'ನನಗಿಂತ ಚೆನ್ನಾಗಿ ಹಾಕ್ತೀಯ' ಎಂದು ಬೇರೆ ಹೇಳಿದ್ದಳು. ತನ್ನ ಹೆಸರನ್ನು ಮನೆಯ ಸುತ್ತಿಗೆಯ ಹಾಗೆ ಯಾರ ಕೈಗೆ ಸಿಕ್ಕರೆ ಅವರು ಬಳಸಲಿ ಎಂದು ಮೂವತ್ತನಾಲ್ಕು ವರ್ಷ ಮೊಳೆಗೆ ತೂಗುಹಾಕಿಟ್ಟಿದ್ದಳು.

ತನ್ನೊಬ್ಬಳ ವಿಷಯವಾಗಿದ್ದರೆ ಈ ಸಲವೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಶುಕ್ರವಾರ ಒಂದು ಚೀಟಿ ಮಾರಿದರೆ ಸಾಕು, ಶನಿವಾರದ ಚಕ್ರ ಈ ತುರ್ತುಸ್ಥಿತಿ ಮುಗಿಯುವವರೆಗೂ ಇಲ್ಲ. ಅದು ಯಾವಾಗ ಮುಗಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆ ಸೋಮವಾರ ಗಣಿಯವರು ಇನ್ನೂ ನಾನೂರು ಜನರನ್ನು ಮನೆಗೆ ಕಳಿಸಿದ್ದರು. ಹೊರಳಿಕೊಂಡು ಹೋಗುವ ವ್ಯಾನುಗಳು ಇನ್ನು ಒಂದೆರಡಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ, ಆರ್ನಿ ಎದುರಿಗೆ ಕಾಫಿ ಕುಡಿಯುತ್ತಿದ್ದಾಗಲೇ, ಅವಳು ರಾಜಧಾನಿಗೆ ಫೋನು ಮಾಡಿದಳು. ಬೇರೆ ಕೋಣೆಗೆ ಹೋಗಬಹುದಿತ್ತು, ಹೋಗಲಿಲ್ಲ. ಫೋನೆತ್ತಿಕೊಂಡವಳು ಮಾಯ್ ವಾಂಗ್ ಎಂಬ ಅಧಿಕಾರಿ. ಅವಳೂ ಮನೆಯಿಂದಲೇ ಕೆಲಸ ಮಾಡುತ್ತಿರಬೇಕು, ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು.

"ದೋಣಿಯ ಅರ್ಜಿ ಮೇಲಿರೋ ಸಹಿ ನನ್ನದಲ್ಲ" ಎಂದಳು ಐಲಾ.

"ಐಲಾ ಅವರೇ, ಒಂದು ಮಾತು ಹೇಳ್ತೀನಿ. ನೀವು ಇದನ್ನ ಹೇಳಿದ್ರೆ ನಾನು ಬರ್ಕೋಬೇಕಾಗತ್ತೆ. ಬರ್ಕೊಂಡ್ಮೇಲೆ ವಿಚಾರಣೆ ಆಗತ್ತೆ. ನಿಮ್ಮ ಕ್ಲಬ್ಬಿಗೂ, ನಿಮಗೂ."

"ಬರ್ಕೊಳ್ಳಿ."

"ಯಾರು ಹಾಕಿದ್ದು ಅಂತ ಗೊತ್ತಾ?"

ಆರ್ನಿ ಲೋಟ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. 'ಗೊತ್ತಿಲ್ಲ' ಎಂದರೂ ಅರ್ಜಿ ರದ್ದಾಗುತ್ತಿತ್ತು, ಚಕ್ರ ಉಳಿಯುತ್ತಿತ್ತು. ಆ ಒಂದು ಪದಕ್ಕಾಗಿ ಅವನ ಕಣ್ಣು ಬೇಡುತ್ತಿತ್ತು. ಆದರೆ ಗೊತ್ತಿಲ್ಲ ಎಂದರೆ ಅದು ಮತ್ತೆ ಅವನಿಗಾಗಿ ತಾನು ಹಾಕುವ ಸಹಿಯೇ ಆಗುತ್ತದೆ ಎಂದು ಅವಳಿಗೆ ಅನ್ನಿಸಿತು.

"ನನ್ನ ಗಂಡ" ಎಂದಳು. "ನನ್ನ ಸಹಿ ಇರೋ ಅರ್ಜಿ ಬೇರೆ ಇದೆ. ಈಗಲೇ ಕಳಿಸ್ತೀನಿ."

ಮಾಯ್ ವಾಂಗ್ ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು. "ಕಳಿಸಿ. ಅದು ಮಾಂಸದ್ದಾ? ಇಲ್ಲಿ ಮೊನ್ನೆಯಿಂದ ಬರೀ ದೋಣಿ ಚೀಟಿ, ಬಂದೂಕಿನ ಚೀಟಿ ನೋಡಿ ಸಾಕಾಗಿದೆ."

ಆರ್ನಿ ಎದ್ದು ಹೊರಗೆ ಹೋದ. ಅಂದಿನಿಂದ ಹನ್ನೆರಡು ದಿನ ಅವರ ನಡುವೆ ಉಪ್ಪು, ಕಸದ ಡಬ್ಬಿ, ಔಷಧಿ, ಇಷ್ಟರ ಮಾತು ಮಾತ್ರ ನಡೆಯಿತು.

ಊರು ಸುಮ್ಮನಿರಲಿಲ್ಲ. ಬಡ್ ಫೋನು ಮಾಡಿ, ಗಂಡನನ್ನು ಸರ್ಕಾರಕ್ಕೆ ಹಿಡಿದುಕೊಟ್ಟ ಹೆಂಗಸನ್ನು ತನ್ನ ಅರವತ್ತಾರು ವರ್ಷದಲ್ಲಿ ನೋಡಿಲ್ಲವೆಂದ. ಹೆಂಡತಿಯ ಸಹಿ ಕದ್ದ ಎಷ್ಟು ಗಂಡಂದಿರನ್ನು ನೋಡಿದ್ದೀಯ ಎಂದು ಐಲಾ ಕೇಳಿದಳು. ಕದಿಯುವುದೆಂದರೇನು, ಮನೆಯೊಳಗಿನ ಮಾತು ಎಂದ ಅವನು. ದಿನಸಿ ಅಂಗಡಿಯಲ್ಲಿ ಹಾಕಿ ಆಡುವ ಹುಡುಗರ ತಾಯಂದಿರು ಅವಳನ್ನು ಕಂಡು ಬಟಾಣಿಯ ಡಬ್ಬಿಗಳ ಮೇಲಿನ ಬರಹ ಓದತೊಡಗುತ್ತಿದ್ದರು. ಆರಡಿ ದೂರ ನಿಲ್ಲುವ ನಿಯಮ ಆ ದಿನಗಳಲ್ಲಿ ಎಷ್ಟು ಜನಕ್ಕೆ ಅನುಕೂಲವಾಯಿತೆಂಬುದು ಅವಳಿಗೆ ಗೊತ್ತಾಯಿತು.

ಮೇ ಮಧ್ಯದಲ್ಲಿ ರಾಜಧಾನಿಯಿಂದ ತೀರ್ಪು ಬಂತು. ಮಾಂಸದ ಚಕ್ರಕ್ಕೆ ಒಪ್ಪಿಗೆ. ಆರ್ನಿ ಮೂರು ವರ್ಷ ಕ್ಲಬ್ಬಿನ ಯಾವ ಹುದ್ದೆಯನ್ನೂ ಹಿಡಿಯುವಂತಿಲ್ಲ. ಕ್ಲಬ್ಬಿಗೆ ದಂಡ. ಅರ್ಜಿ ಹೊತ್ತು ತಂದ ಬಡ್‌ಗೆ ಏನೂ ಇಲ್ಲ. ಮೇಲ್ವಿಚಾರಕಿ ಐಲಾ ರಾಂಟಾಲಾಳಿಗೆ, ತನ್ನ ಸಹಿಯ ಬಳಕೆಯ ಮೇಲೆ ತಕ್ಕ ನಿಗಾ ಇಡದ ಕಾರಣಕ್ಕೆ, ಲಿಖಿತ ಎಚ್ಚರಿಕೆ ಮತ್ತು ಆರು ತಿಂಗಳ ಪರೀಕ್ಷಾವಧಿ.

ಕೊನೆಯ ಸಾಲನ್ನು ಅವಳು ಎಲ್ವಿರಾಳಿಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದಳು. ಎಲ್ವಿರಾ ಎಪ್ಪತ್ತೊಂದು ವರ್ಷದ ವಿಧವೆ, ಚಕ್ರದ ಅಂಕಿ ಹಲಗೆ ಮಾರುವವಳು, ಹದಿನೈದು ವರ್ಷದಿಂದ ಐಲಾಳ ಜೊತೆಗಿದ್ದವಳು.

"ಅಂದ್ರೆ ಅವನು ಕದ್ದ, ನೀನು ಬೀಗ ಹಾಕಿರ್ಲಿಲ್ಲ, ಅದಕ್ಕೆ ನಿನಗೂ ಶಿಕ್ಷೆ."

"ಹಾಗೇ ಬರೆದಿದಾರೆ."

"ಚೌಕಟ್ಟು ಹಾಕ್ಸಿ ನಡುಮನೇಲಿ ತೂಗುಹಾಕು. ಬರೋ ಸೊಸೆಯಂದಿರು ಓದ್ಕೊಳ್ಳಲಿ."

ಐಲಾ ನಗಲಿಲ್ಲ. ಎಚ್ಚರಿಕೆಗೆ ಉತ್ತರ ಬರೆಯಲು ಹತ್ತು ದಿನದ ಅವಕಾಶವಿತ್ತು. ಕೂತು ಬರೆದಳು. ಮೊದಲ ಪ್ರತಿ ಆರು ಪುಟ, ಅದರಲ್ಲಿ ಬಿಸಿಯೇ ಹೆಚ್ಚಾಗಿತ್ತು, ಹರಿದಳು. ಎರಡನೆಯದು ಎರಡೇ ಸಾಲು. ನನ್ನ ಸಹಿಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ, ನಿಗಾ ಇಡಬೇಕಾದದ್ದು ನನ್ನ ಕೈಯಲ್ಲ, ತೆಗೆದುಕೊಂಡವರ ಕೈ. ಕೆಳಗೆ ತನ್ನ ಹೆಸರು ಬರೆದು ಕಳಿಸಿದಳು. ಉತ್ತರ ಬರಲೇ ಇಲ್ಲ.

ಮೇ ಇಪ್ಪತ್ಮೂರರ ಶನಿವಾರ ಚಕ್ರ ಮತ್ತೆ ತಿರುಗಿತು. ಆರ್ನಿಯ ಬಳಿ ಟ್ರೈಲರ್ ಇತ್ತು, ಆದರೆ ಅವನನ್ನು ಕೇಳುವಂತಿರಲಿಲ್ಲ. ಸ್ಮಶಾನದ ಹುಲ್ಲು ಕತ್ತರಿಸುವವನ ಟ್ರೈಲರ್ ತಂದು ಅದರ ಮೇಲೆ ಚಕ್ರ ನಿಲ್ಲಿಸಿದ್ದರು. ಮರದ ಹಲಗೆಗಳನ್ನು ಕೈಯಿಂದ ಕೈಗೆ ದಾಟಿಸುವಂತಿಲ್ಲವೆಂದು ಅಂಕಿಗಳನ್ನು ಕಾಗದದ ಮೇಲೆ ಬರೆದಿದ್ದರು. ಕೊಳ್ಳುವವರು ಅದರ ಅರ್ಧದಲ್ಲಿ ಹೆಸರು ಬರೆದು ಹರಿದುಕೊಡಬೇಕು. ಎಲ್ವಿರಾ ಮೀನು ಎತ್ತುವ ಉದ್ದ ಹಿಡಿಕೆಯ ಬಲೆಯನ್ನು ಕಾರುಗಳ ಕಿಟಕಿಗೆ ಚಾಚುತ್ತಿದ್ದಳು. ಬಲೆಯೊಳಗೆ ಡಾಲರು ಬೀಳುತ್ತಿತ್ತು, ಬಲೆಯಿಂದಲೇ ಕಾಗದ ಹೋಗುತ್ತಿತ್ತು. "ಇವತ್ತು ಏನು ಬಿತ್ತು, ಪೈಕ್ ಮೀನಾ, ಪರ್ಚ್ ಮೀನಾ?" ಎಂದು ಯಾರೋ ಕೇಳಿದರೆ "ಬರೀ ಕಸದ ಮೀನು" ಎನ್ನುತ್ತಿದ್ದಳು.

ಮೊದಲ ವಾರ ಇಪ್ಪತ್ತಾರು ಕಾರು ಬಂದವು. ಎರಡನೆಯ ವಾರ ನಲವತ್ತು. ಬಟಾಣಿ ಡಬ್ಬಿ ಓದಿದ ಹೆಂಗಸರಲ್ಲಿ ಇಬ್ಬರು ಬಂದರು. ಗೆದ್ದವರು ಒಬ್ಬೊಬ್ಬರಾಗಿ ಇಳಿದು ಬಂದು, ಟ್ರೈಲರಿನ ತುದಿಯಲ್ಲಿಟ್ಟ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದರು. ಕೆಲವರು ಕಾರಿನಲ್ಲೇ ಕೂತು ಫ್ರೀಜರಲ್ಲಿ ಜಾಗ ಇಲ್ಲವೆಂದು ಕೈಯಾಡಿಸುತ್ತಿದ್ದರು. ಕಾರ್ಲಾಳ ಹಸಿರು ವ್ಯಾನು ಎರಡೂ ವಾರ ಹಿಂದಿನ ಸಾಲಿನಲ್ಲಿತ್ತು. ಎರಡೂ ವಾರ ಅವಳಿಗೆ ಏನೂ ಬರಲಿಲ್ಲ. ಚಕ್ರಕ್ಕೆ ಕೈ ಹಚ್ಚುವಾಗ ಯಾವ ಅಂಕಿ ಯಾರದೆಂದು ನೆನೆಯಬಾರದೆಂದು ಐಲಾ ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ನೆನೆದರೆ ಕೈ ಭಾರವಾಗುತ್ತದೆ, ಕೈ ಭಾರವಾದರೆ ಇದೂ ಇನ್ನೊಂದು ಸುಳ್ಳು ಸಹಿ. ಎರಡನೆಯ ವಾರ ವ್ಯಾನು ಖಾಲಿ ಹೋಗುವುದನ್ನು ನೋಡಿ ಅವಳಿಗೆ ಚಕ್ರವನ್ನೇ ಒದೆಯಬೇಕೆನ್ನಿಸಿತು. ಒಬ್ಬ ಹೆಂಗಸಿಗೆ ಒಂದು ತಟ್ಟೆ ಮಾಂಸ ಮುಟ್ಟುವುದಕ್ಕೆ ಇಷ್ಟು ದಾರಿ ಸುತ್ತಬೇಕೇ?

ಮೂರನೆಯ ವಾರ ಆರ್ನಿಯ ಟ್ರಕ್ಕು ಬಂತು. ಬಯಲಿನ ಆ ಕೊನೆಗೆ, ಕಸದ ತೊಟ್ಟಿಯ ಪಕ್ಕ ನಿಂತಿತು. ಬರುತ್ತೇನೆಂದು ಅವನು ಹೇಳಿರಲಿಲ್ಲ, ಅವಳೂ ಕರೆದಿರಲಿಲ್ಲ. ಎಲ್ವಿರಾ ಬಲೆ ಹಿಡಿದು ಅಲ್ಲಿಯವರೆಗೂ ಹೋಗಿ ಕಿಟಕಿಗೆ ಚಾಚಿದಳು. ಅವಳ ದನಿ ಇಡೀ ಬಯಲಿಗೆ ಕೇಳಿಸಿತು.

"ಹೆಸರು ಬರೀಬೇಕು ಆರ್ನಿ. ನಿಂದೇ ಬರಿ."

ಎರಡು ಮೂರು ಕಾರುಗಳಲ್ಲಿ ನಗು ಎದ್ದಿತು. ಆರ್ನಿ ತಲೆ ತಗ್ಗಿಸಿ, ಸ್ಟೀರಿಂಗಿನ ಮೇಲೆ ಕಾಗದವಿಟ್ಟು, ನಿಧಾನವಾಗಿ ಬರೆದ. ಬರೆದದ್ದನ್ನು ಎಲ್ವಿರಾ ಕಣ್ಣಿನ ಹತ್ತಿರ ಹಿಡಿದು ಪರೀಕ್ಷಿಸಿದಳು. ಐಲಾ ಈ ಕಡೆ ತಿರುಗಿಕೊಂಡಳು. ಅವನ ಬಗ್ಗೆ ಅಯ್ಯೋ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಇರಲಿ ಎಂದು ಬಿಟ್ಟಳು.

ಆ ದಿನದ ಏಳನೆಯ ಸುತ್ತಿಗೆ ಚಕ್ರ ಹದಿನೇಳರಲ್ಲಿ ನಿಂತಿತು. ಅಂಕಿಯನ್ನು ಕೂಗಿ ಐಲಾ ಕಾದಳು. ಎಲ್ಲೂ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಕೂಗಿದಳು. ಹಿಂದಿನ ಸಾಲಿನಲ್ಲಿ ವ್ಯಾನಿನ ಬಾಗಿಲು ಸರಿಯಿತು.

ಕಾರ್ಲಾ ಅವಸರ ಮಾಡಲಿಲ್ಲ. ಕೂದಲು ಬಾಚಿ ಎತ್ತಿ ಕಟ್ಟಿದ್ದಳು, ಹೂವಿನ ಬಟ್ಟೆಯ ಮುಖಗವಸು ಹಾಕಿದ್ದಳು, ಬಾರಿನಲ್ಲಿ ಬಡಿಸುವಾಗಿನ ಕೆಂಪು ಬೂಟು ತೊಟ್ಟಿದ್ದಳು. ನಲವತ್ತು ಕಾರುಗಳ ನಡುವೆ ನೆಟ್ಟಗೆ ನಡೆದು ಬಂದು ಟ್ರೈಲರಿನ ಮುಂದೆ ನಿಂತು ತಟ್ಟೆಯನ್ನು ನೋಡಿದಳು. ಚಾಪು, ಸಾಸೇಜು, ಒಂದು ಕೋಳಿ. ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟು ಒತ್ತಿದಳು.

"ಬೇಕನ್ ಇಲ್ವಾ ಇದ್ರಲ್ಲಿ? ಹೋದ ಸುತ್ತಿನವರಿಗಿತ್ತು."

"ಹೋದ ಸುತ್ತು ಹೋದ ಸುತ್ತು" ಎಂದಳು ಎಲ್ವಿರಾ. "ಬೇಕಾದ್ರೆ ತಗೋ, ಇಲ್ಲಾಂದ್ರೆ ಇಡು, ಮತ್ತೆ ತಿರುಗಿಸ್ತೀವಿ."

"ತಗೊಳ್ದೇ ಏನು. ಗೆದ್ದಿದೀನಿ." ಕಾರ್ಲಾ ತಟ್ಟೆ ಎತ್ತಿ ಸೊಂಟಕ್ಕೆ ಒತ್ತಿಕೊಂಡಳು. ಮುಖಗವಸಿನ ಮೇಲಿಂದ ಐಲಾಳನ್ನು ನೋಡಿದಳು, ಒಬ್ಬ ಗಿರಾಕಿ ಅಂಗಡಿಯವಳನ್ನು ನೋಡುವ ಹಾಗೆ. "ಐಲಾ, ಮುಂದಿನ ವಾರ ಕೋಳಿ ಕಮ್ಮಿ ಮಾಡಿ, ಬೇಕನ್ ಜಾಸ್ತಿ ಇಡಿ. ಹುಡುಗೀರು ಕೋಳಿ ತಿನ್ನಲ್ಲ."

"ಮಂಡಳಿಗೆ ಹೇಳ್ತೀನಿ" ಎಂದಳು ಐಲಾ.

ಕಾರ್ಲಾ ಥ್ಯಾಂ‌ಕ್ಸ್ ಹೇಳಲಿಲ್ಲ. ತಿರುಗಿ, ಬಂದಷ್ಟೇ ನಿಧಾನವಾಗಿ, ಎಲ್ಲರೂ ನೋಡುವ ಹಾಗೆ ವ್ಯಾನಿನ ಕಡೆ ನಡೆದಳು. ಅರ್ಧ ದಾರಿಯಲ್ಲಿ ಪರಿಚಯದ ಕಾರೊಂದರ ಕಿಟಕಿಗೆ ತಟ್ಟೆ ಎತ್ತಿ ತೋರಿಸಿದಳು ಕೂಡ.

ಮುಂದಿನ ಸುತ್ತಿಗೆ ಇನ್ನೂ ಒಂಬತ್ತು ಅಂಕಿ ಮಾರಾಟವಾಗಬೇಕಿತ್ತು. ಐಲಾ ಗಂಟಲು ಸರಿಮಾಡಿಕೊಂಡು ಕೂಗತೊಡಗಿದಳು.